ಇಳಿಯದ ಪಾದರಸ

ಮಂಗಳವಾರ, ೧೧ ಮೇ ೧೯೪೮. ಕುರುಗೋಡು.

ಪಾರಮ್ಮನ ಮಗಳು ಜಡೆಮ್ಮ ಸಂಜೆ ತೀರಿಕೊಂಡಳು. ಒಂಬತ್ತು ವರ್ಷ. ವಾಂತಿಭೇದಿ.

ಬೇಸಿಗೆಯಲ್ಲಿ ಇಲ್ಲಿ ಮೈಗಿಂತ ಗಾಳಿಯೇ ಬಿಸಿ. ಥರ್ಮಾಮೀಟರನ್ನು ನೀರಿನ ಗಡಿಗೆಯಲ್ಲಿ ತಣಿಸಿ, ಕೊಡವಿ, ಆಮೇಲೆ ಕಂಕುಳಲ್ಲಿ ಇಡಬೇಕು. ಇಲ್ಲದಿದ್ದರೆ ಏರಿದ ಪಾದರಸ ಏರಿದಲ್ಲೇ ನಿಲ್ಲುತ್ತದೆ. ಹನ್ನೆರಡು ವರ್ಷದಿಂದ ಕಾಂಪೌಂಡರ್ ನಾನು; ಇದನ್ನು ಎಷ್ಟು ಜನಕ್ಕೆ ಹೇಳಿಕೊಟ್ಟಿಲ್ಲ! ಇವತ್ತು ಬಿಸಿಲಲ್ಲಿ ಸೈಕಲ್ ಇಳಿದವನೇ ಜೇಬಿನಿಂದ ತೆಗೆದು ಹಾಗೇ ಇಟ್ಟೆ. ನೂರಾ ಆರು ತೋರಿಸಿತು.

"ಕೈಕಾಲು ತಣ್ಣಗದಾವಲ್ರಿ ಡಾಕ್ಟ್ರ," ಎಂದಳು ಪಾರಮ್ಮ.

"ಒಳಗ ಜ್ವರ ಐತಿ. ನಿನ್ನ ಕೈಗಿಂತ ಪಾದರಸಕ್ಕ ಚಲೋ ಗೊತ್ತಾಗ್ತೈತಿ. ಒದ್ದಿ ಬಟ್ಟಿ ಹಾಕು," ಎಂದು ಗದರಿದೆ.

ಬೆಚ್ಚಗೆ ಹೊದಿಸಬೇಕಿದ್ದ ಮಗುವಿಗೆ ಎರಡು ತಾಸು ತಣ್ಣೀರ ಬಟ್ಟೆ ಹಾಕಿಸಿದೆ.

ಉಸಿರು ನಿಂತ ಮೇಲೂ ನಂಬಲಾಗದೆ ಇನ್ನೊಮ್ಮೆ ಇಟ್ಟು ನೋಡಿದೆ. ನೂರಾ ಆರೇ. ಹೆಣಕ್ಕೂ ನೂರಾ ಆರು. ಆಗ ಗಡಿಗೆಯ ನೆನಪಾಯಿತು.

ಈಗ ಮನೆಗೆ ಬಂದು ಥರ್ಮಾಮೀಟರನ್ನು ನೀರಿಗೆ ಹಾಕಿ ತೆಗೆದೆ. ಒಂದೇ ಸಲ ಕೊಡವಿದ್ದಕ್ಕೆ ಇಳಿಯಿತು.

ಅಲ್ಲಿಂದ ಹೊರಡುವಾಗ ಪಾರಮ್ಮ ನನ್ನ ಕಾಲು ಹಿಡಿದಿದ್ದಳು. "ಜ್ವರ ಇಳಸಾಕ ಭಾಳ ಒದ್ದಾಡಿದ್ರಿ," ಎಂದಳು.

ಜ್ವರ ಇರಲೇ ಇಲ್ಲ ಎಂದು ನಾನು ಹೇಳಲಿಲ್ಲ.