ನಾರ್ದುವಿನ ದೋಣಿಯ ಕಪ್ಪು ಮೀಸೆ

ಸೆಪ್ಟೆಂಬರ್ 9, ಮಂಗಳವಾರ. ಬೆಳಿಗ್ಗೆ

ಚೀಸ್ ಬಿಲ್ಲೆ ತಿರುವಿ ಹಾಕಿದ್ದಾಯಿತು. ಹನ್ನೆರಡು. ಬೆಕ್ಕು ಒಂದನ್ನು ಎತ್ತಿಕೊಂಡು ಹೋಯಿತು, ಹನ್ನೊಂದು. ಪಕ್ಕದ ಮನೆಯ ರಿತ್ಯೆನ್ ಬಂದಿದ್ದಳು. ಭಾನುವಾರ ಮಾರ್ಸಶ್ಲೊಕ್‌ಗೆ ಹೋಗಿದ್ದಳಂತೆ, ನನ್ನ ತವರೂರಿಗೆ. ಫೋನಿನಲ್ಲಿ ಫೋಟೋ ತೋರಿಸಿದಳು. ಸಂತೆ, ಕತ್ತಿಮೀನಿನ ತಟ್ಟೆ, ಇನ್ನೊಂದು ತಟ್ಟೆ, ಮತ್ತೊಂದು... ಈಗಿನವರು ತಿನ್ನುವುದು ಯಾವಾಗಲೋ!

"ಚೆನ್ಸಾ ಆಂಟಿ, ಈ ದೋಣಿ ನೋಡಿ. ಎಷ್ಟು ಚೆಂದ ಅಲ್ವಾ?"

ನೋಡಿದೆ. ನನ್ನ ತಮ್ಮ ನಾರ್ದುವಿನ ದೋಣಿ. ಅದೇ ನೀಲಿ, ಅದೇ ಕೆಂಪು, ಮೂತಿಯ ಎರಡೂ ಕಡೆ ಬಿಡಿಸಿದ ಕಣ್ಣು. ಎಲ್ಲ ಸರಿ. ಆದರೆ ಕಣ್ಣಿನ ಹತ್ತಿರ ಬಳಿದ ಪಟ್ಟಿ, ನಾವು ಮೀಸೆ ಎನ್ನುವುದು, ಎಂದಿನ ಹಳದಿಯಲ್ಲ. ಕಪ್ಪು. ಹೊಳೆಯುವ ಹೊಸ ಕಪ್ಪು.

ಮನೆಯಲ್ಲಿ ಸಾವಾದರೆ ಮಾತ್ರ ದೋಣಿಯ ಮೀಸೆಗೆ ಕಪ್ಪು ಬಳಿಯುತ್ತಾರೆ. ಒಂದು ವರ್ಷ ಹಾಗಿದ್ದು ಮತ್ತೆ ಹಳದಿಯಾಗುತ್ತದೆ.

ಆ ಮನೆಯಲ್ಲಿರುವುದೇ ಇಬ್ಬರು. ನಾರ್ದು, ಅವನ ಹೆಂಡತಿ ಮರಿಸ್ತೆಲ್ಲಾ.

ಸೆಪ್ಟೆಂಬರ್ 10

ಫೋನ್ ಮಾಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡು ಸಲ ಕೈಗೆತ್ತಿಕೊಂಡೆ. ಹನ್ನೊಂದು ವರ್ಷದ ಮೇಲೆ ಏನೆಂದು ಶುರು ಮಾಡಲಿ? "ನೀನು ಬದುಕಿದ್ದೀಯಾ?" ಎಂದು ಕೇಳುವುದೇ?

ಅಮ್ಮ ಸತ್ತ ದಿನ ಅವನು ಲಂಪೂಕಿ ಮೀನಿಗೆ ಹೋಗಿದ್ದ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚರ್ಚಿನ ಮೆಟ್ಟಿಲ ಮೇಲೆ, ಊರೆಲ್ಲ ಕೇಳುವಂತೆ ಅಂದೆ: "ಅಮ್ಮನಿಗಿಂತ ನಿನಗೆ ಮೀನು ಹೆಚ್ಚಾಯ್ತು. ಇನ್ನು ನನಗೆ ತಮ್ಮ ಇಲ್ಲ." ಅವನು ಕೆಳಗೆ ನೋಡಿದ. ಬೂಟಿನ ಮೇಲೆ ಇನ್ನೂ ಮೀನಿನ ಹುರುಪೆ ಅಂಟಿತ್ತು. ಗೋಝೊ ದ್ವೀಪಕ್ಕೆ ವಾಪಸಾದವಳು ಮತ್ತೆ ಆ ದಡ ತುಳಿಯಲಿಲ್ಲ.

ಈಗ ನಿಜವಾಗಿಯೂ ಇಲ್ಲವಾಗಿದ್ದರೆ...

ಸೆಪ್ಟೆಂಬರ್ 13, ಶನಿವಾರ

ಫೆರ್ರಿ, ಆಮೇಲೆ ಎರಡು ಬಸ್ಸು. ಹುಟ್ಟಿದ ಊರಿನಲ್ಲಿ ಬಾಡಿಗೆ ರೂಮು! ಅಗಲ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡಿದ್ದೇನೆ. ರೂಮಿನ ಯಜಮಾನ ಬೇರೆ ಊರಿನವನು, ಹುಡುಗಾಟದ ಮನುಷ್ಯ. ಬಾಗಿಲು ತೆರೆಯುವ ಮೊದಲೇ ಶುರು ಮಾಡಿದ. "ಗೋಝೊದವ್ರಾ? ಮಾತಲ್ಲೇ ಗೊತ್ತಾಗುತ್ತೆ. ಮೊದಲನೇ ಸಲ ಬಂದಿದ್ದೀರಾ? ದೋಣಿ ಕಣ್ಣಿನ ಕಥೆ ಹೇಳ್ತೀನಿ ಕೂತ್ಕೊಳಿ." ಕೂತೆ, ಕೇಳಿದೆ. ಅರ್ಧ ತಪ್ಪು ಹೇಳಿದ. ತಿದ್ದದೆ ಕೂತಿದ್ದೆ — ನನಗೆ ಅದೇ ದೊಡ್ಡ ತಪಸ್ಸು.

ಮೆಲ್ಲಗೆ ಕೇಳಿದೆ, ಒಂದು ದೋಣಿಗೆ ಕಪ್ಪು ಮೀಸೆ ಇದೆಯಂತಲ್ಲ, ಯಾಕೆ?

"ಅದಾ? ಸ್ಟೈಲ್ ಇರ್ಬೇಕು ಬಿಡಿ."

ಸಂಜೆ ದಂಡೆಯ ಉದ್ದಕ್ಕೂ ನಡೆದೆ. ಬೆಂಚಿನಲ್ಲಿ ಗಂಡಸರು ಬಲೆ ಹೊಲಿಯುತ್ತಿದ್ದರು. ಯಾರೂ ಗುರುತು ಹಿಡಿಯಲಿಲ್ಲ. ನಾರ್ದುವಿನ ದೋಣಿ ಕಟ್ಟುವ ಜಾಗ ಖಾಲಿ. ಯಾರು ನಡೆಸಿಕೊಂಡು ಹೋಗಿದ್ದಾರೆ?

ಸೆಪ್ಟೆಂಬರ್ 14, ಭಾನುವಾರ. ಮಧ್ಯಾಹ್ನ

ಸಂತೆಗೆ ಹೋದೆ. ಜನಜಾತ್ರೆ. ಮೂರನೇ ಮೇಜಿನ ಹಿಂದೆ ಮರಿಸ್ತೆಲ್ಲಾ, ಹೂವಿನ ಗೌನು ಹಾಕಿಕೊಂಡು ಮೀನು ಕತ್ತರಿಸುತ್ತಿದ್ದಾಳೆ. ಬದುಕಿದ್ದಾಳೆ! ಸಂತೋಷವಾಯಿತು, ಮರುಕ್ಷಣವೇ ಲೆಕ್ಕ ಹೊಳೆಯಿತು. ಅವಳಿದ್ದಾಳೆ ಅಂದರೆ ಹೋದವನು ಇವನೇ.

ಒಬ್ಬ ದಪ್ಪ ಜರ್ಮನ್ ಮನುಷ್ಯನ ಬೆನ್ನ ಹಿಂದೆ ನಿಂತೆ. ಅವನು ಪಕ್ಕಕ್ಕೆ ಸರಿದ. ನಾನು ಅವಳೆದುರಿಗೆ.

"ಲಂಪೂಕಿ ಬೇಕಾ ಮೇಡಂ? ಫ್ರೆಶ್" ಎಂದಳು ಇಂಗ್ಲಿಷಿನಲ್ಲಿ. ಬಗ್ಗಿ, ಕಾಗದ ಸುತ್ತುತ್ತಾ, ನಮ್ಮ ಮಾತಿನಲ್ಲಿ: "ಅತ್ತಿಗೆ, ಆ ಟೋಪಿ ತೆಗೀರಿ. ನಿನ್ನೆ ಬಸ್ಸಿಳಿದಾಗ್ಲೇ ನೋಡ್ದೆ. ನಡಿಗೆ ಮುಚ್ಚಿಡೋಕಾಗುತ್ತಾ?"

ಟೋಪಿ ತೆಗೆದೆ. "ನಾರ್ದು?"

"ನಾರ್ದುಗೇನು? ಸಮುದ್ರದಲ್ಲಿದ್ದಾರೆ. ಎಲ್ಲಿರ್ತಾರೆ ಮತ್ತೆ?"

"ಹಾಗಿದ್ರೆ ಕಪ್ಪು ಯಾರಿಗೆ?"

ಅವಳು ಕಾಗದ ಕೆಳಗಿಟ್ಟಳು. "ಅದನ್ನ ನಾನು ಹೇಳೋದು ಸರಿಯಲ್ಲ. ಅವರನ್ನೇ ಕೇಳಿ."

ಮೀನು ತೆಗೆದುಕೊಳ್ಳದೆ ರೂಮಿಗೆ ಬಂದುಬಿಟ್ಟೆ. ಬದುಕಿದ್ದಾನೆ. ಬದುಕಿದ್ದಾನೆ. ಚೆನ್ನಾಗಿ ಅತ್ತೆ.

ಸೆಪ್ಟೆಂಬರ್ 15

ಹೇಡಿತನ. ಬೆಳಿಗ್ಗೆಯೇ ಗುಡ್ಡ ದಾಟಿ ಜನ ಈಜುವ ಬಂಡೆಗಳ ಕಡೆ ಹೋದೆ. ಕಾಲು ನೀರಿಗೆ ಇಳಿಬಿಟ್ಟು, ಟ್ಯೂನಾ ತುಂಬಿದ ರೊಟ್ಟಿ ತಿಂದೆ. ಎಣ್ಣೆ ಮೊಣಕೈವರೆಗೆ ಸುರಿಯಿತು. ಎರಡು ಗಂಟೆಗೆ ದೂರದಲ್ಲಿ ಅವನ ದೋಣಿ ಹೋಯಿತು. ನಿಂತು ನಡೆಸುತ್ತಿದ್ದ, ಅಪ್ಪನ ಹಾಗೆಯೇ ಸೊಂಟದ ಮೇಲೆ ಒಂದು ಕೈ. ಮೀಸೆ ಕಪ್ಪೇ.

ಸತ್ತವರು ಯಾರು? ತಲೆ ಚಿಟ್ಟು ಹಿಡಿದಿದೆ. ನಾಳೆ ಕೇಳದೆ ಬಸ್ಸು ಹತ್ತಿದರೆ ನಾನು ಚೆನ್ಸಾ ಅಲ್ಲ.

ಸೆಪ್ಟೆಂಬರ್ 16. ಸಂಜೆ, ನಾರ್ದುವಿನ ಮನೆ

ಬರೆಯಲು ಕೈ ಬರುತ್ತಿಲ್ಲ, ಉಗುರಿನ ತುಂಬ ಪೇಂಟು.

ದಂಡೆಯಲ್ಲಿ ಬಲೆ ಮಡಿಸುತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿದೆ. ತಲೆ ಎತ್ತಲಿಲ್ಲ.

"ಗೋಝೊದಿಂದ ಟೂರಿಸ್ಟ್ ಬಂದಿದ್ದಾರಂತೆ" ಅಂದ. "ದಂಡೆ ತುಂಬ ಅದೇ ಸುದ್ದಿ."

"ಸತ್ತಿದ್ದು ಯಾರು?"

"ಅಮ್ಮ."

"ಅಮ್ಮ ಹೋಗಿ ಹನ್ನೊಂದು ವರ್ಷ ಆಯ್ತಲ್ಲೋ! ಪೇಂಟು ಹೊಸದಾಗಿದೆ."

"ಪ್ರತಿ ವರ್ಷ ದೋಣಿಗೆ ಬಣ್ಣ ಹೊಡೀಬೇಕಲ್ಲ, ಮೀಸೆಗೂ ಕಪ್ಪು ಹೊಡೀತೀನಿ. ಕಪ್ಪು ಕೆರೆಯೋದು ನಾನಾ? ಅಪ್ಪಂದು ಯಾರು ಕೆರೆದ್ರು? ನೀನು. ನಮ್ಮನೇಲಿ ಹಿರೀ ಮಗಳೇ ಕೆರೆಯೋದು. ಬರ್ತೀಯ ಅಂತ ಬಿಟ್ಟೆ."

ನಿಜ. ಅಪ್ಪನ ವರ್ಷ ತುಂಬಿದಾಗ ನಾನೇ ಕೆರೆದು ಹಳದಿಯ ಮೊದಲ ಗೆರೆ ಎಳೆದಿದ್ದೆ. ಮರೆತಿರಲಿಲ್ಲ. ಅವನು ಕಾಯುತ್ತಿದ್ದಾನೆಂದು ಮಾತ್ರ ಹೊಳೆದಿರಲಿಲ್ಲ. ಹೊಸ ಕಪ್ಪು ನೋಡಿ ಹೊಸ ಸಾವು ಎಂದುಕೊಂಡೆ, ದಡ್ಡಿ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನನ್ನ ಬಾಯಿ ಕೇಳಬೇಕಲ್ಲ. "ಆ ದಿನ ಯಾಕೋ ಹೋದೆ?"

ಬಲೆ ಕೆಳಗಿಟ್ಟ. "ಅಮ್ಮನೇ ಕಳಿಸಿದ್ಲು. ಒಂದು ಗುಟುಕು ಲಂಪೂಕಿ ಸಾರು ಬೇಕು ಅಂದ್ಲು. ಒಂದು ವಾರದಿಂದ ಬಾಯಿ ಬಿಟ್ಟು ಏನೂ ಕೇಳಿರ್ಲಿಲ್ಲ. ಹೋಗ್ದೆ ಇರ್ಲಾ?"

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಊರೋರ ಮನೇಲಿ ಬೆಕ್ಕು ಮರಿ ಹಾಕಿದ್ರೂ ಕೇಳೋಳು ನೀನು, ಅಕ್ಕ. ನನ್ನನ್ನ ಅದೊಂದು ಕೇಳ್ಲಿಲ್ಲ."

ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ತಪ್ಪಾಯಿತು ಎಂದೆ, ದಂಡೆಯ ಮೇಲೆ, ಬಲೆ ಹೊಲಿಯುವವರೆಲ್ಲ ಕೇಳುವಂತೆ. ಅವತ್ತು ಊರೇ ಕೇಳಿತ್ತು, ಇವತ್ತೂ ಕೇಳಲಿ. ಅವನು ಮೂಗೊರೆಸಿಕೊಂಡು ಒಳಗೆ ಹೋಗಿ, ಕೆರೆಯುವ ತಗಡು ತಂದು ಕೈಗೆ ಕೊಟ್ಟ.

ಮೂರು ಗಂಟೆ ಹಿಡಿಯಿತು. ಪದರದ ಮೇಲೆ ಪದರ, ಪೇಂಟು ಹೆಕ್ಕಳಿಕೆ ಎದ್ದು ಮಡಿಲಿಗೆ ಬಿತ್ತು. ಹಳದಿ ನಾಳೆ, ತೊಳೆದ ಮರ ಒಣಗಿದ ಮೇಲೆ.

ಮರಿಸ್ತೆಲ್ಲಾ ಊಟಕ್ಕೆ ಕರೆಯುತ್ತಿದ್ದಾಳೆ, ಇದು ಮೂರನೇ ಸಲ. ಅವತ್ತು ಅವನ ಬಲೆಗೆ ಲಂಪೂಕಿ ಬಿದ್ದಿತ್ತೋ ಇಲ್ಲವೋ, ಅದನ್ನಿನ್ನೂ ಕೇಳಿಲ್ಲ. ಬಿದ್ದಿದ್ದರೆ ಆ ಮೀನನ್ನು ಅವನು ಏನು ಮಾಡಿದ? ಈಗ ಎದುರಿಗೆ ಕೂತಾಗ ಕೇಳಿಯೇ ಬಿಡ—