ನಮ್ಮ ಕಣ್ಣಿನ ಕ್ಯಾಮೆರಾವನ್ನು ದಯವಿಟ್ಟು ನಪಾಸು ಮಾಡಿ

ಪ್ರಾದೇಶಿಕ ಆರೋಗ್ಯ ಸೇವೆಯ ನಾವೀನ್ಯ ಅಳವಡಿಕೆ ವಿಭಾಗದ ಮಾನ್ಯ ನಿರ್ದೇಶಕರೇ,

ನಮ್ಮ ಆರೋಗ್ಯ ಕೇಂದ್ರದಲ್ಲಿದ್ದ ಕಣ್ಣಿನ ಕ್ಯಾಮೆರಾವನ್ನು ನೀವು ಹೊತ್ತುಕೊಂಡು ಹೋಗಿದ್ದೀರಿ. ಕೆಟ್ಟಿತ್ತೆಂದಲ್ಲ, ಚೆನ್ನಾಗಿ ಕೆಲಸ ಮಾಡಿತೆಂದು! ಇದನ್ನು ಅರಗಿಸಿಕೊಳ್ಳಲಾಗದೆ, ನಾಲ್ಕು ಜನ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನೂ ನನ್ನಕ್ಕನೂ ಹೊಲಿಗೆ ಅಂಗಡಿ ನಡೆಸುತ್ತೇವೆ. ಅಕ್ಕನಿಗೆ ಸಕ್ಕರೆ ಕಾಯಿಲೆ. ಅದು ಕಣ್ಣಿನ ಹಿಂಭಾಗವನ್ನು ಸದ್ದಿಲ್ಲದೆ ತಿನ್ನುತ್ತದೆ, ನೋಟ ಮಂಜಾಗುವ ಹೊತ್ತಿಗೆ ಕೆಲಸ ಕೈಮೀರಿರುತ್ತದೆ ಎಂದು ನಮಗೆ ತಿಳಿದದ್ದೇ ನಿಮ್ಮ ಕ್ಯಾಮೆರಾ ಬಂದ ಮೇಲೆ. ನರ್ಸಮ್ಮ ಅದರ ಮುಂದೆ ಅಕ್ಕನ ಗದ್ದ ಊರಿಸಿ ಕಣ್ಣೊಳಗಿನ ಚಿತ್ರ ತೆಗೆದರು. ಎಲ್ಲೋ ದೂರದಲ್ಲಿದ್ದ ತಜ್ಞರು ಅದನ್ನು ನೋಡಿ ಬಲಗಣ್ಣಿಗೆ ಲೇಸರ್ ಮಾಡಿಸಿದರು, ಕಣ್ಣು ಉಳಿಯಿತು. ಎಡಗಣ್ಣನ್ನೂ ಆಗಾಗ ನೋಡುತ್ತಿರಬೇಕು ಎಂದರು. ಅಂದು ಅಕ್ಕ ನಿಮ್ಮನ್ನು ಮನಸಾರೆ ಹರಸಿದಳು, ನಾನೂ ಹರಸಿದೆ.

ಮುಂದಿನ ಸಲ ಹೋದಾಗ ಆ ಕೋಣೆಯಲ್ಲಿದ್ದದ್ದು ಖಾಲಿ ಮೇಜು, ಗೋಡೆಯ ಮೇಲೆ 'ಪ್ರಾಯೋಗಿಕ ಯೋಜನೆ ಯಶಸ್ವಿ' ಎಂಬ ಫಲಕ.

"ಪ್ರಯೋಗ ಮುಗೀತಲ್ಲಮ್ಮಾ, ಪಕ್ಕದ ವಲಯಕ್ಕೆ ತಗೊಂಡೋದ್ರು," ಎಂದರು ನರ್ಸಮ್ಮ.

"ಇಲ್ಲಿ ಚೆನ್ನಾಗಿ ನಡೀತಿತ್ತಲ್ಲ?"

"ಇಲ್ಲಿನ ಫಲಿತಾಂಶ ಅಲ್ಲಿಗೆ ಲೆಕ್ಕಕ್ಕಿಲ್ಲವಂತೆ. ಅಲ್ಲಿ ಮತ್ತೆ ಮೊದಲಿಂದ ಶುರು."

ವಲಯದ ಗಡಿ ದಾಟಿದರೆ ಮನುಷ್ಯರ ಕಣ್ಣು ಬದಲಾಗುತ್ತದೆಯೇ, ಮಾನ್ಯರೇ? ಪ್ರಯೋಗಿಸಲು ನಿಮ್ಮ ವಿಭಾಗವಿದೆ, ಪ್ರಯೋಗವನ್ನು ಪರಿಶೀಲಿಸಲು ಸಮಿತಿಯಿದೆ, ಸಮಿತಿಯನ್ನು ಗಮನಿಸಲು ಉಪಸಮಿತಿಯೂ ಇದೆ. ಗೆದ್ದದ್ದನ್ನು ಉಳಿಸಿಕೊಳ್ಳಲು ಮಾತ್ರ ಯಾರೂ ಇಲ್ಲ. ನಿಮ್ಮನ್ನು ಕೇಳಿದರೆ ಅದು ನಿತ್ಯಸೇವಾ ವಿಭಾಗದ ಕೆಲಸ, ಅವರನ್ನು ಕೇಳಿದರೆ ಹೊಸದೆಲ್ಲ ನಿಮ್ಮ ಪಾಲು. ನಮ್ಮ ಅಂಗಡಿಯಲ್ಲಿ ತೊಡಿಸಿ ನೋಡಿದ ಅಂಗಿ ಸರಿಹೊಂದಿದರೆ ಗಿರಾಕಿಗೆ ಕೊಟ್ಟು ಕಳಿಸುತ್ತೇವೆ. ನೀವು ಸರಿಹೊಂದಿತೆಂದೇ ಮೈಮೇಲಿಂದ ಬಿಚ್ಚಿಕೊಂಡು ಇನ್ನೊಬ್ಬನಿಗೆ ತೊಡಿಸಿ ನೋಡುತ್ತೀರಿ. ಅತ್ತ ಬಸ್ ನಿಲ್ದಾಣದ ಬಳಿಯ ಕೇಂದ್ರವನ್ನು ನೋಡಿ. ಅಲ್ಲಿ ಕ್ಯಾಮೆರಾ ಇಟ್ಟ ಕೋಣೆಗೆ ಪ್ಲಗ್ಗೇ ಇರಲಿಲ್ಲ. ಒಬ್ಬರ ಚಿತ್ರವನ್ನೂ ತೆಗೆಯದೆ ಪ್ರಯೋಗ ನೆಲಕಚ್ಚಿತು. ಕೂಡಲೇ 'ಹೆಚ್ಚಿನ ಅಧ್ಯಯನ ಅಗತ್ಯ' ಎಂದು ಅವಧಿ ವಿಸ್ತರಿಸಿದಿರಿ. ಪುಣ್ಯವಂತರು, ಸೋತು ಗೆದ್ದರು. ಆ ಕ್ಯಾಮೆರಾ ಇಂದಿಗೂ ಬಟ್ಟೆ ಹೊದ್ದು ಸುಖವಾಗಿ ಕೂತಿದೆ.

ನಾವು ದೊಡ್ಡಾಸ್ಪತ್ರೆಗೆ ಅಲೆದೆವು. ಹತ್ತಿರದಲ್ಲಿ ದಿನಾಂಕ ಸಿಗಲಿಲ್ಲ. ಸಿಕ್ಕ ದಿನ ಬರುವ ಮೊದಲೇ ಎಡಗಣ್ಣಿನೊಳಗೆ ರಕ್ತ ಒಸರಿತು. ಈಗ ಆ ಕಣ್ಣಿಗೆ ಬೆಳಕು, ಕತ್ತಲೆ ಬಿಟ್ಟರೆ ಏನೂ ತಿಳಿಯದು. "ಬಿಡೇ, ಒಂದಾದ್ರೂ ಇದೆಯಲ್ಲ," ಎನ್ನುತ್ತಾಳೆ ಅಕ್ಕ, ನನ್ನನ್ನು ಸಮಾಧಾನಪಡಿಸಲು. ನನಗೆ ಸಮಾಧಾನವಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನಮ್ಮ ಕೇಂದ್ರದ ಪ್ರಯೋಗವೂ ಸೋತಿತೆಂದು ಆದೇಶ ಹೊರಡಿಸಿ, ಅವಧಿ ವಿಸ್ತರಿಸಿ, ಕ್ಯಾಮೆರಾ ವಾಪಸ್ ಕಳಿಸಿ. ಸೋಲಿಗೆ ಪುರಾವೆ ಬೇಕೆನ್ನುವಿರಾ? ಅಕ್ಕನ ಎಡಗಣ್ಣನ್ನು ಬರೆದುಕೊಳ್ಳಿ. ಒಂದು ಸಾಲದೆಂದು ಸಮಿತಿ ಹೇಳಿದರೆ, ಕ್ಷಮಿಸಿ, ಬಲಗಣ್ಣನ್ನು ಕೊಡಲಾರೆವು.

ಇಂತಿ,
ನಿಮ್ಮ ಯಶಸ್ವಿ ಯೋಜನೆಯ ಫಲಾನುಭವಿಯೊಬ್ಬಳ ತಂಗಿ