ಎಡಗಡೆಯ ಪರದೆ

ಮೂರನೇ ಮಹಡಿಯ ಮನೆ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಹಡಗಿನ ಅಡುಗೆಮನೆಯಲ್ಲಿ ಎಲ್ಲರಿಗೂ ಬಿಸಿಬಿಸಿ ಬಡಿಸಿ, ನೀನು ತಣ್ಣಗಾದದ್ದನ್ನು ತಿನ್ನುತ್ತೀಯೋ ಏನೋ. ಮೊಣಕೈಯ ಸುಟ್ಟ ಗಾಯ ಒಣಗಿತೇ? ನಾನು ಗಟ್ಟಿಯಾಗಿದ್ದೇನೆ. ಅಂಚೆಯ ಕಾಗದ ತಲುಪುವಷ್ಟರಲ್ಲಿ ನಿನ್ನ ಹಡಗು ಇನ್ನೆಲ್ಲೋ ಇರುತ್ತದೆ ಎಂದು ನಿನ್ನ ಹೆಂಡತಿ ಕಂಪ್ಯೂಟರಿನಲ್ಲೇ ಬರೆಯಲು ಕಲಿಸಿದ್ದಾಳೆ. ಕಾಳು ಆರಿಸಿದ ಹಾಗೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ.

ಅವಳ ಮೇಜಿನ ಮೇಲೆ ಮೂರು ಪರದೆಗಳಿವೆ. ನಡುವಿನದರಲ್ಲಿ ಅವಳು ನೋಡಿಕೊಳ್ಳುವ ಲಾರಿಗಳ ಪಟ್ಟಿ, ಬಲಗಡೆ ಮೀಟಿಂಗಿನ ಮುಖಗಳು, ಎಡಗಡೆಯದು ಈ ಹೊತ್ತಿಗೆ ನನ್ನದು. ಮೀಟಿಂಗಿನಲ್ಲಿ ಸುಮ್ಮನೆ ಕೇಳಿಸಿಕೊಂಡರೆ ಸಾಕೆಂದು ಕೀಬೋರ್ಡನ್ನು ನನ್ನ ಕಡೆ ಸರಿಸಿ, ಮೌಸ್ ಮಾತ್ರ ತಾನಿಟ್ಟುಕೊಂಡಿದ್ದಾಳೆ. ದೇವರ ಮುಂದೆ ಕೂತರೂ ಒಂದು ಗಳಿಗೆ ಮನಸ್ಸು ನಿಲ್ಲಿಸಲು ನಾನು ಹೆಣಗುತ್ತೇನೆ. ಇವಳು ದಿನವಿಡೀ ಮೂರು ಕಡೆ ನಿಲ್ಲಿಸಬೇಕು. ಅವಳ ಮೇಲಧಿಕಾರಿ ಹೆಂಗಸಿನ ದನಿಯೋ, ಒಡೆದ ಗಂಟೆ! ನಾನು ಗಂಟೆಯಮ್ಮ ಎಂದೇ ಕರೆಯುವುದು.

ನಾಲ್ಕು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನ ಹೆಂಡತಿಯ ಎಡಗಣ್ಣು ಮಂಜಾಗುತ್ತಿದೆ. ಎಡಗಡೆ ಇಟ್ಟ ಲೋಟವನ್ನು ಎರಡು ಸಲ ಉರುಳಿಸಿದಳು, ಬಾಗಿಲಿಗೆ ಭುಜ ಬಡಿಸಿಕೊಂಡಳು. ಕೇಳಿದರೆ, "ಕೆಲಸ ಜಾಸ್ತಿ ಅತ್ತೆ, ಅಷ್ಟೇ. ಈಗ ರಜ ಕೇಳಿದ್ರೆ ನನ್ನನ್ನ ತೆಗೆದೇ ಬಿಡ್ತಾರೆ. ನಿಮ್ಮ ಮಗನಿಗೆ ಮಾತ್ರ ಹೇಳ್ಬೇಡಿ" ಎಂದು ದೇವರ ಮುಂದೆ ನನ್ನಿಂದ ಮಾತು ತೆಗೆದುಕೊಂಡಳು. ಆ ಮಾತು ಮುರಿಯುತ್ತಿದ್ದೇನೆ. ದೇವರ ಹತ್ತಿರ ನಾನೇ ಮಾತಾಡಿಕೊಳ್ಳುತ್ತೇನೆ. ಇಷ್ಟು ದಪ್ಪ ಅಕ್ಷರದಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು ಬರೆಯುತ್ತಿದ್ದೇನೆ ಮಗನೇ, ಅವಳಿಗೆ ಕಾಣುತ್ತಿಲ್ಲ. ನೀನಾದರೂ ಹೇಳು, ಆಸ್ಪತ್ರೆಗೆ ಹೋಗಲಿ.

ದೇವರು ನಿನ್ನನ್ನೂ ನಿನ್ನ ಹಡಗನ್ನೂ ಕಾಯಲಿ.

ನಿನ್ನ ಅಮ್ಮ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಗಂಟೆಯಮ್ಮ ಲಾರಿಗಳ ಪಟ್ಟಿ ತೋರಿಸು ಎಂದಿದ್ದಳಂತೆ. ಇವಳು ನಡುವಿನ ಪರದೆಯ ಬದಲು ನನ್ನ ಪರದೆಯನ್ನು ಮೀಟಿಂಗಿನಲ್ಲಿದ್ದ ಎಲ್ಲರಿಗೂ ತೋರಿಸಿಕೊಂಡು ಕೂತಿದ್ದಳು. ಈ ಕಡೆ ಕಂಡರೆ ತಾನೇ ಗೊತ್ತಾಗುವುದು! ನಾನು ಬರೆದದ್ದನ್ನು ಒಂಬತ್ತು ಜನ ಓದಿದರು. ಆಮೇಲೆ ಗಂಟೆಯಮ್ಮನೇ, "ಲಾರಿ ಹಾಗಿರಲಿ ಬಿಡಮ್ಮಾ, ಇವತ್ತೇ ಕಣ್ಣು ತೋರಿಸ್ಕೊಂಡು ಬಾ. ನಿನ್ನ ಕೆಲಸ ಎಲ್ಲಿಗೂ ಹೋಗಲ್ಲ. ಗಂಟೆ ಬಾರಿಸಿ ಆಯ್ತು, ಹೊರಡೋಕೆ ಹೇಳು ನಿಮ್ಮತ್ತೆಗೆ" ಎಂದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ನಿನ್ನ ಹೆಂಡತಿ ನನ್ನ ಜೊತೆ ಮಾತು ಬಿಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಇರಲಿ. ಅವಳ ಎಡಗಡೆಗೆ ನಾನು ನಡೆಯುತ್ತೇನೆ.